ಆರೂವರೆ ಸೆಕೆಂಡಿನ ವೇಗವೂ ನಮ್ಮ ಷಟ್ಪಥವೂ

ಮದುವೆ ಚಪ್ಪರದಲ್ಲಿ ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಈಗ ಎದ್ದುಬರುವ ಮಾತು ವಿದ್ಯುತ್ ಕಾರುಗಳದ್ದು. ಅದರಲ್ಲಿಯೂ ಮಹೀಂದ್ರಾದವರ ಬಿಇ 6 ಮತ್ತು ಟಾಟಾದವರ ಹ್ಯಾರಿಯರ್ ಇವಿ ಎಂಬ ಎರಡು ಎಸ್‌ಯುವಿಗಳಲ್ಲಿ ಯಾವುದು ಹೆಚ್ಚು ಚುರುಕು ಎಂಬ ಬಗ್ಗೆ ನಮ್ಮ ಯುವಕರಲ್ಲಿ ಎರಡು ಪಕ್ಷಗಳೇ ಆಗಿವೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಷಟ್ಪಥದಲ್ಲಿ ವಾಹನಗಳು ಓಡತೊಡಗಿದ ಮೇಲಂತೂ ಈ ವಾದಕ್ಕೆ ಒಂದು ಅಖಾಡವೂ ದೊರೆತಂತಾಗಿದೆ.

ಮೊದಲು ಕಂಪೆನಿಗಳು ಕೊಟ್ಟಿರುವ ಲೆಕ್ಕವನ್ನು ನೋಡೋಣ. 2024ರ ನವೆಂಬರಿನಲ್ಲಿ ಬಿಡುಗಡೆಯಾದ ಬಿಇ 6ರ ದೊಡ್ಡ ಮಾದರಿಯಲ್ಲಿ 79 ಯೂನಿಟ್ ವಿದ್ಯುತ್ ಹಿಡಿಸುವ ಬ್ಯಾಟರಿಯಿದೆ. ಮೋಟಾರು ಒಂದೇ, ಅದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಅದರ ಟಾರ್ಕ್ 380 ನ್ಯೂಟನ್ ಮೀಟರ್. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ತಲಪಲು 6.7 ಸೆಕೆಂಡು ಸಾಕೆಂದು ಹೇಳಿಕೆ. 2025ರ ಜೂನಿನಲ್ಲಿ ಬಂದ ಹ್ಯಾರಿಯರ್ ಇವಿಯ ಮೇಲ್ದರ್ಜೆಯ ಮಾದರಿಯಲ್ಲಿ ಬ್ಯಾಟರಿ 75 ಯೂನಿಟಿನದು. ಆದರೆ ಮುಂದೊಂದು, ಹಿಂದೊಂದು ಹೀಗೆ ಎರಡು ಮೋಟಾರುಗಳು, ಟಾರ್ಕ್ 504 ನ್ಯೂಟನ್ ಮೀಟರ್, ನೂರಕ್ಕೇರಲು 6.3 ಸೆಕೆಂಡು. ಒಂದು ಕಾಲದಲ್ಲಿ ನಮ್ಮ ಹಿರಿಯರನ್ನು ಹೊತ್ತು ತಿರುಗಿದ ಅಂಬಾಸಿಡರು ನೂರನ್ನು ಮುಟ್ಟುವುದಕ್ಕೇ ತಿಣುಕುತ್ತಿತ್ತು ಎಂಬುದನ್ನು ನೆನೆದರೆ ಎರಡೂ ಅಸಾಮಾನ್ಯ ಯಂತ್ರಗಳೆಂಬುದರಲ್ಲಿ ಸಂಶಯವಿಲ್ಲ.

ಹಾಗಾದರೆ ಗೆದ್ದದ್ದು ಟಾಟಾ, ಅಂತರ 0.4 ಸೆಕೆಂಡು. ಬಿಡುಗಡೆಯ ಹೊತ್ತಿಗೆ ಈ ಎರಡು ಮಾದರಿಗಳಿಗೆ ಸಾರಿದ ಶೋರೂಮು ಬೆಲೆ ಅನುಕ್ರಮವಾಗಿ 26.90 ಲಕ್ಷ ಮತ್ತು 28.99 ಲಕ್ಷ ರೂಪಾಯಿ. ಬರೇ ವೇಗಕ್ಕಾಗಿಯೇ ಕೊಳ್ಳುವವನು ಅರ್ಧ ಸೆಕೆಂಡಿಗೂ ಕಡಿಮೆಯ ಲಾಭಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ತೆತ್ತಂತಾಯಿತು! ನೂರರ ವೇಗದಲ್ಲಿ ಈ 0.4 ಸೆಕೆಂಡಿಗೆ ಕಾರು ಕ್ರಮಿಸುವ ದೂರ ಸುಮಾರು 11 ಮೀಟರ್. ಎದುರಿಗೇನೋ ಅಡ್ಡಬಂತೆಂದು ಚಾಲಕನ ಕಣ್ಣಿಗೆ ಬಿದ್ದು, ಅವನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ. ಅಷ್ಟರಲ್ಲಿ ಕಾರು ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ.

ವೇಗದ ಪರವಾಗಿ ನಮ್ಮವರು ಹೇಳುವ ಒಂದು ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಎಂಬಿಬಿಎಸ್ ತರಗತಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ ನಮ್ಮ ದಾರಿ ಇಂದಿಗೂ ಮಂಗಳೂರಿನ ಕಡೆಗೇ. ಆದ್ದರಿಂದ ಮನೆಯಲ್ಲೊಂದು ವೇಗದ ವಾಹನವಿರಲಿ ಎಂಬುದು ವಾದ. ಲೆಕ್ಕ ಹಾಕಿ ನೋಡಿ. ಚೆಂಗಳದಿಂದ ತಲಪಾಡಿಗೆ 80ರ ವೇಗದಲ್ಲಿ ಹೋದರೆ 29 ನಿಮಿಷ, 100ರಲ್ಲಿ ಹೋದರೆ 23 ನಿಮಿಷ. ಉಳಿತಾಯ ಆರು ನಿಮಿಷ. ಅದನ್ನು ಮಂಗಳೂರು ಪೇಟೆಯ ವಾಹನದಟ್ಟಣೆ ಒಂದೇ ಗುಟುಕಿಗೆ ನುಂಗಿಬಿಡುತ್ತದೆ. ಇನ್ನು 2020ರ ಮಾರ್ಚಿನಲ್ಲಿ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿ, ಹಲವು ಒಳದಾರಿಗಳಿಗೆ ಮಣ್ಣು ಸುರಿದಿದ್ದಾಗ ಯಾವ ಕಾರಿನ ಯಾವ ವೇಗವೂ ರೋಗಿಯ ಉಪಯೋಗಕ್ಕೆ ಬರಲಿಲ್ಲ.

ಸಾಮರ್ಥ್ಯವನ್ನು ಅಳೆಯಬೇಕಾದ ಜಾಗ ನಮ್ಮಲ್ಲಿ ಬೇರೆಯೇ ಇದೆ. ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ಮುಳಿಯಾರು ಕಡೆಯ ತೋಟದ ಮನೆಗಳಿಗೆ ಹೋಗುವ ಕೊನೆಯ ಫರ್ಲಾಂಗು ಹೆಚ್ಚಾಗಿ ಕೆಂಪು ಮಣ್ಣಿನ ಕಡಿದಾದ ಏರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡಿದು. ಆಟಿ ತಿಂಗಳ ಮಳೆಗೆ ಅಂತಹ ಏರಿನಲ್ಲಿ ಹಿಂದಿನ ಚಕ್ರಗಳು ಜಾರಿ ಸುತ್ತತೊಡಗಿದರೆ, ಮುಂದಿನ ಚಕ್ರಗಳಿಗೂ ಬಲವಿರುವ ವಾಹನ ಮೇಲೆ ಹತ್ತೀತು. ಹ್ಯಾರಿಯರಿನ ಎರಡನೆಯ ಮೋಟಾರಿಗೆ ನಾವು ಬೆಲೆ ಕೊಡುವುದಿದ್ದರೆ ಇದಕ್ಕಾಗಿ, 6.3 ಸೆಕೆಂಡಿಗಾಗಿ ಅಲ್ಲ. ಮನೆಯಂಗಳದವರೆಗೆ ಕಾಂಕ್ರೀಟು ದಾರಿ ಇದ್ದವರಿಗೆ ಬಿಇ 6 ಧಾರಾಳ ಸಾಕು. ಅದರ ಬ್ಯಾಟರಿಯೂ ತುಸು ದೊಡ್ಡದು.

ಚಾರ್ಜಿನ ವಿಷಯದಲ್ಲಿಯೂ ಇಂಥದೇ ಕಥೆ. ಬ್ಯಾಟರಿಯನ್ನು ಶೇಕಡಾ 20ರಿಂದ 80ಕ್ಕೇರಿಸಲು ಬಿಇ 6ಕ್ಕೆ 20 ನಿಮಿಷ, ಹ್ಯಾರಿಯರಿಗೆ 25 ನಿಮಿಷ ಎಂದು ಕಂಪೆನಿಗಳ ಪ್ರಕಟಣೆ. ಆದರೆ ಒಂದಕ್ಕೆ ಸುಮಾರು 180 ಕಿಲೋವಾಟಿನ, ಇನ್ನೊಂದಕ್ಕೆ 120 ಕಿಲೋವಾಟಿನ ಯಂತ್ರ ಸಿಕ್ಕಿದರೆ ಮಾತ್ರ ಈ ಮಾತು. ದಾರಿಯಲ್ಲಿ ಸಿಕ್ಕಿದ್ದು 60 ಕಿಲೋವಾಟಿನದಾದರೆ ಎರಡಕ್ಕೂ ಮುಕ್ಕಾಲು ಗಂಟೆಯ ಮೇಲೆಯೇ ಬೇಕು. ಮನೆಯಲ್ಲಿ 7.2 ಕಿಲೋವಾಟಿನ ಚಾರ್ಜರು ಹಾಕಿಸಿದರೂ ಪೂರ್ತಿ ತುಂಬಲು ಹತ್ತು-ಹನ್ನೆರಡು ಗಂಟೆ, ಅಂದರೆ ಒಂದು ಇಡೀ ರಾತ್ರಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ರಾತ್ರಿ ಏನು ಮಾಡುವುದೆಂದು ಕಾರು ಕೊಳ್ಳುವ ಮುಂಚೆಯೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮನ್ನು ನಿಜವಾಗಿ ಕಾಡುವ ವಿಚಾರ ಇನ್ನೊಂದಿದೆ. 2023ರ ಜುಲೈ 1ರಿಂದ ಕೇರಳದಲ್ಲಿ ಷಟ್ಪಥ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಾರುಗಳ ವೇಗಮಿತಿ 110ಕ್ಕೇರಿತು. ಪೇಟೆಗಳೊಳಗಿನ ಮಿತಿ 50. ಷಟ್ಪಥದಿಂದ ಸರ್ವೀಸ್ ರಸ್ತೆಗೆ ಇಳಿದ ಕೂಡಲೇ ಚಾಲಕನ ಕಾಲಿನ ಅಭ್ಯಾಸ ಬದಲಾಗಬೇಕು. ಹಳೆಯ ಡೀಸೆಲ್ ಗಾಡಿ ವೇಗ ಹಿಡಿಯುವ ಮುಂಚೆ ಗದ್ದಲ ಮಾಡಿ ಊರಿಗೇ ಮುನ್ಸೂಚನೆ ಕೊಡುತ್ತಿತ್ತು. ಈ ಕಾರುಗಳು ಸದ್ದಿಲ್ಲದೆ ಚಿಮ್ಮುತ್ತವೆ. ಅದೂ ಸುಮಾರು ಎರಡು ಟನ್ ಭಾರವನ್ನು ಹೊತ್ತುಕೊಂಡು. ವೇಗ 80ರಿಂದ 100ಕ್ಕೇರಿದರೆ ಢಿಕ್ಕಿಯ ಬಲ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ನೂರರಲ್ಲಿ ಓಡುವ ಕಾರನ್ನು ನಿಲ್ಲಿಸಲು ಒಣ ರಸ್ತೆಯಲ್ಲಿಯೇ ಸುಮಾರು 70 ಮೀಟರ್ ಬೇಕು, ಮಳೆಯಲ್ಲಿ ಇನ್ನೂ ಹೆಚ್ಚು. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲುಗಳಲ್ಲಿ ಮನೆ ಒಂದು ಬದಿಗೆ, ಶಾಲೆಯೋ ಪೇಟೆಯೋ ಇನ್ನೊಂದು ಬದಿಗೆ ಇರುವ ಕುಟುಂಬಗಳು ಎಷ್ಟೋ. ಅಜ್ಜಿಯಂದಿರಿಗೆ ಅಡಿಪಾತೆಯವರೆಗೆ ಸುತ್ತುಬಳಸಿ ನಡೆಯುವ ತ್ರಾಣವಿಲ್ಲ, ಮಕ್ಕಳಿಗೆ ತಾಳ್ಮೆಯಿಲ್ಲ.

ಹೊಸ ಕಾರಿನ ಬೀಗದಕೈಯನ್ನು ಮಗನ ಕೈಗೆ ಕೊಡುವ ತಂದೆ, ಆ ಕಾರಿನಲ್ಲಿರುವ ನಿಧಾನ ಚಾಲನೆಯ ವ್ಯವಸ್ಥೆಯನ್ನು ಮೊದಲು ತಾನೇ ಕೇಳಿ ತಿಳಿದುಕೊಳ್ಳಲಿ. ಪರೀಕ್ಷೆಗೆಂದು ಓಡಿಸುವುದಾದರೆ ಷಟ್ಪಥದಲ್ಲಿ ಬೇಡ, ಮಳೆ ಬಂದ ದಿನ ತನ್ನ ಮನೆಯ ಏರಿನಲ್ಲಿ ಓಡಿಸಿ ನೋಡಲಿ. ನಡೆದು ದಾಟುವವರಿಗೆ ಮೇಲ್ಸೇತುವೆಯೋ ಅಡಿಪಾತೆಯೋ ಎಲ್ಲೆಲ್ಲಿ ಬೇಕೆಂಬ ಪಟ್ಟಿಯನ್ನು ಪಂಚಾಯತುಗಳು ಹೆದ್ದಾರಿ ಪ್ರಾಧಿಕಾರದ ಮುಂದಿಡುವುದಕ್ಕೂ ತಡಮಾಡಬಾರದು. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ನಮ್ಮಲ್ಲಿ ಒಂದೇ ಜೂನ್ ತಿಂಗಳಿನಲ್ಲಿ.