ಸ್ಯಾಫ್ ಕಪ್: ಒಂಬತ್ತು ಗೆಲುವು, ಏರದ ಮೆಟ್ಟಿಲು

ಹುಬ್ಬಳ್ಳಿ: ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಚಾಂಪಿಯನ್‌ಷಿಪ್, ಅಂದರೆ ‘ಸ್ಯಾಫ್ ಕಪ್’, 1993ರಿಂದ 2023ರವರೆಗೆ ಒಟ್ಟು 14 ಬಾರಿ ನಡೆದಿದೆ. ಇದರಲ್ಲಿ ಭಾರತ ಗೆದ್ದದ್ದು 9 ಬಾರಿ. ನಾಲ್ಕು ಬಾರಿ ಎರಡನೇ ಸ್ಥಾನ. 2003ರ ಢಾಕಾ ಟೂರ್ನಿಯೊಂದನ್ನು ಬಿಟ್ಟರೆ ಮೊದಲೆರಡು ಸ್ಥಾನಗಳಿಂದ ಭಾರತ ಎಂದೂ ಹೊರಗೆ ಉಳಿದಿಲ್ಲ. ಇಂಥ ದಾಖಲೆ ಇರುವ ದೇಶದ ಫುಟ್‌ಬಾಲ್ ಸುಭದ್ರವಾಗಿರಬೇಕಲ್ಲವೇ? ಆದರೆ ಒಂಬತ್ತನೇ ಕಪ್ ಗೆದ್ದ ನಂತರದ ಬೆಳವಣಿಗೆಗಳು ಬೇರೆಯೇ ಕಥೆ ಹೇಳುತ್ತಿವೆ.

ಆ ಒಂಬತ್ತನೇ ಗೆಲುವಿಗೆ ಸಾಕ್ಷಿಯಾದದ್ದು ಕರ್ನಾಟಕವೇ. 2023ರ ಜೂನ್ 21ರಿಂದ ಜುಲೈ 4ರವರೆಗೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಟೂರ್ನಿ ಜರುಗಿತು. ಅಂತಿಮ ಪಂದ್ಯದಲ್ಲಿ ಕುವೈತ್ ವಿರುದ್ಧ ಭಾರತ 1–1 ಸಮಬಲ ಸಾಧಿಸಿ, ಪೆನಾಲ್ಟಿ ಶೂಟೌಟ್‌ನಲ್ಲಿ 5–4ರಿಂದ ಜಯಿಸಿತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಎದುರಾಳಿಯ ಕೊನೆಯ ಒದೆತವನ್ನು ತಡೆದರು. ಐದು ಗೋಲು ಗಳಿಸಿದ ನಾಯಕ ಸುನಿಲ್ ಚೆಟ್ರಿ ಟೂರ್ನಿಯ ಶ್ರೇಷ್ಠ ಆಟಗಾರರೆನಿಸಿದರು. ಅದೇ ಜುಲೈನಲ್ಲಿ ಪ್ರಕಟವಾದ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ 99ನೇ ಸ್ಥಾನಕ್ಕೆ ಏರಿತು.

ಅಲ್ಲಿಂದ ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಚಿತ್ರ ತಲೆಕೆಳಗಾಯಿತು. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಹಾಗೂ ಸಿರಿಯಾ ವಿರುದ್ಧ ಭಾರತ ಸೋತಿತು. ಒಂದು ಗೋಲನ್ನೂ ಗಳಿಸಲಿಲ್ಲ. ಅದೇ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನ 2–1ರಿಂದ ಭಾರತವನ್ನು ಮಣಿಸಿತು. 2025ರ ಅಕ್ಟೋಬರ್‌ನಲ್ಲಿ ಗೋವಾದ ಮಡಗಾಂವ್‌ನಲ್ಲಿ ಸಿಂಗಪುರ ಎದುರು ಸೋತಾಗ 2027ರ ಏಷ್ಯಾ ಕಪ್‌ನ ಬಾಗಿಲೂ ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1–0ಯಿಂದ ಗೆದ್ದಿತು. ಭಾರತದ ವಿರುದ್ಧ ಬಾಂಗ್ಲಾ ಗೆಲುವು ಕಂಡದ್ದು 22 ವರ್ಷಗಳ ಬಳಿಕ. ಅದರ ಬೆನ್ನಿಗೇ ಭಾರತದ ಸ್ಥಾನ 142ಕ್ಕೆ ಕುಸಿಯಿತು.

ಲಾಹೋರ್‌ನಿಂದ ಬೆಂಗಳೂರಿನವರೆಗೆ

ಟೂರ್ನಿ ಆರಂಭವಾದದ್ದು 1993ರಲ್ಲಿ, ಪಾಕಿಸ್ತಾನದ ಲಾಹೋರ್‌ನಲ್ಲಿ. ಆಗ ಅದರ ಹೆಸರು ಸಾರ್ಕ್ ಗೋಲ್ಡ್ ಕಪ್. ಆಡಿದ್ದು ನಾಲ್ಕೇ ತಂಡಗಳು. ಮೊದಲ ಕಪ್ ಭಾರತದ ಪಾಲಾಯಿತು. 1995ರಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ಗೆದ್ದಿತು. ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ ಸ್ಥಾಪನೆಯಾದದ್ದು 1997ರಲ್ಲಿ. ಆ ವರ್ಷ ಕಠ್ಮಂಡುವಿನಲ್ಲೂ 1999ರಲ್ಲಿ ಗೋವಾದಲ್ಲೂ ಭಾರತವೇ ವಿಜೇತ. 2003ರಲ್ಲಿ ಆತಿಥೇಯ ಬಾಂಗ್ಲಾದೇಶ, 2008ರಲ್ಲಿ ಮಾಲ್ಡೀವ್ಸ್, 2013ರಲ್ಲಿ ಅಫ್ಗಾನಿಸ್ತಾನ, 2018ರಲ್ಲಿ ಮತ್ತೆ ಮಾಲ್ಡೀವ್ಸ್ ಕಪ್ ಎತ್ತಿದವು. ಉಳಿದೆಲ್ಲ ಭಾರತದ್ದೇ.

ಇದರಲ್ಲಿ ಅವಳಿ ನಗರದ ಓದುಗರು ಗಮನಿಸಬೇಕಾದದ್ದು ಮಾಲ್ಡೀವ್ಸ್‌ನ ಸಾಧನೆ. 2011ರ ಜನಗಣತಿಯಂತೆ ಹುಬ್ಬಳ್ಳಿ–ಧಾರವಾಡದ ಜನಸಂಖ್ಯೆ 9 ಲಕ್ಷಕ್ಕೂ ಅಧಿಕ. ಇಡೀ ಮಾಲ್ಡೀವ್ಸ್ ದೇಶದ ಜನಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ನಮ್ಮ ಒಂದು ಮಹಾನಗರ ಪಾಲಿಕೆಯಷ್ಟೂ ಜನರಿಲ್ಲದ ದ್ವೀಪರಾಷ್ಟ್ರವೊಂದು ಎರಡು ಬಾರಿ, ಅದೂ ಅಂತಿಮ ಪಂದ್ಯದಲ್ಲಿ ಭಾರತವನ್ನೇ ಸೋಲಿಸಿ, ಕಪ್ ಒಯ್ದಿದೆ.

ಭಾರತ ಈ ಟೂರ್ನಿಯನ್ನು ಸದಾ ಗಂಭೀರವಾಗಿ ಪರಿಗಣಿಸಿತ್ತು ಎನ್ನುವಂತೆಯೂ ಇಲ್ಲ. 2009 ಮತ್ತು 2018ರಲ್ಲಿ 23 ವರ್ಷದೊಳಗಿನವರ ತಂಡವನ್ನು ಕಳುಹಿಸಲಾಗಿತ್ತು. ಮೊದಲ ಬಾರಿ ಆ ಹುಡುಗರೇ ಗೆದ್ದರು, ಎರಡನೇ ಬಾರಿ ಫೈನಲ್‌ನಲ್ಲಿ ಎಡವಿದರು. 2015ರ ಮಾರ್ಚ್‌ನಲ್ಲಿ ಭಾರತದ ರ‍್ಯಾಂಕಿಂಗ್ 173ಕ್ಕೆ ಇಳಿದಿತ್ತು. ಆದರೂ ಆ ವರ್ಷಾಂತ್ಯದಲ್ಲಿ ತಿರುವನಂತಪುರದಲ್ಲಿ ಶುರುವಾದ ಟೂರ್ನಿಯಲ್ಲಿ ಭಾರತವೇ ಚಾಂಪಿಯನ್. ಅಂದರೆ ತಂಡ ಪಾತಾಳಕ್ಕೆ ಇಳಿದಿದ್ದಾಗಲೂ ಈ ಕಪ್ ಕೈಗೆ ಸಿಕ್ಕಿದೆ. ಕಪ್ ಅಳೆಯುವುದು ನೆರೆಹೊರೆಯವರಿಗಿಂತ ನಾವು ಎಷ್ಟು ಮುಂದಿದ್ದೇವೆ ಎಂಬುದನ್ನು ಮಾತ್ರ. ಏಷ್ಯಾದಲ್ಲಿ ಎಷ್ಟು ಹಿಂದಿದ್ದೇವೆ ಎಂಬುದನ್ನಲ್ಲ.

ಮೈದಾನದ ಹೊರಗಿನ ಆಟ

ದಕ್ಷಿಣ ಏಷ್ಯಾದ ರಾಜಕೀಯವೂ ಈ ಟೂರ್ನಿಯನ್ನು ಬಿಟ್ಟಿಲ್ಲ. 2023ರಲ್ಲಿ ವೀಸಾ ವಿಳಂಬದಿಂದಾಗಿ ಪಾಕಿಸ್ತಾನ ತಂಡ ಬೆಂಗಳೂರು ತಲುಪಿದ್ದು ಭಾರತದ ವಿರುದ್ಧದ ಪಂದ್ಯದ ದಿನವೇ. ಅಂದು ಸಂಜೆ ಭಾರತ 4–0ಯಿಂದ ಗೆದ್ದಿತು. ಚೆಟ್ರಿ ಹ್ಯಾಟ್ರಿಕ್ ಬಾರಿಸಿದರು. ಸಂಸ್ಥೆಯ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣಕ್ಕೆ ಫಿಫಾ ಅಮಾನತು ಮಾಡಿದ್ದರಿಂದ ಪಾಕಿಸ್ತಾನ 2021ರಲ್ಲೂ ಶ್ರೀಲಂಕಾ 2023ರಲ್ಲೂ ಆಡಲಿಲ್ಲ. ಭಾರತದ ಫುಟ್‌ಬಾಲ್ ಫೆಡರೇಷನ್ ಕೂಡ 2022ರ ಆಗಸ್ಟ್‌ನಲ್ಲಿ ಕೆಲ ದಿನ ಇದೇ ಶಿಕ್ಷೆ ಅನುಭವಿಸಿತ್ತು. ಅಫ್ಗಾನಿಸ್ತಾನ 2015ರಲ್ಲೇ ಮಧ್ಯ ಏಷ್ಯಾ ಒಕ್ಕೂಟದತ್ತ ಮುಖ ಮಾಡಿತ್ತು. ಹೀಗಾಗಿ ಬೆಂಗಳೂರಿನಲ್ಲಿ ಎಂಟು ತಂಡಗಳನ್ನು ಭರ್ತಿ ಮಾಡಲು ಲೆಬನಾನ್ ಮತ್ತು ಕುವೈತ್‌ಗಳನ್ನು ಅತಿಥಿಗಳಾಗಿ ಕರೆಯಬೇಕಾಯಿತು. ಅವೆರಡೂ ಸೆಮಿಫೈನಲ್ ತಲುಪಿದವು. ಇಬ್ಬರನ್ನೂ ಭಾರತ ಮಣಿಸಿದ್ದು ಶೂಟೌಟ್‌ನಲ್ಲಿ ಮಾತ್ರ ಎಂಬುದನ್ನು ಸಂಭ್ರಮದಲ್ಲಿ ಯಾರೂ ಹೆಚ್ಚು ಗಮನಿಸಲಿಲ್ಲ. 2025ರಲ್ಲಿ ನಡೆಯಬೇಕಿದ್ದ ಟೂರ್ನಿಯನ್ನು 2026ಕ್ಕೆ ಮುಂದೂಡಲಾಯಿತು.

ಮಹಿಳೆಯರು ತೋರಿದ ದಾರಿ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಮಹಿಳೆಯರ ಸ್ಯಾಫ್ ಕಪ್‌ನ ಮೊದಲ ಐದು ಪ್ರಶಸ್ತಿಗಳನ್ನೂ ಭಾರತ ಗೆದ್ದಿತ್ತು. 2022 ಮತ್ತು 2024ರಲ್ಲಿ ಅದು ಬಾಂಗ್ಲಾದೇಶದ ಪಾಲಾಯಿತು; ಎರಡೂ ಬಾರಿ ಭಾರತ ನೇಪಾಳದೆದುರು ಸೆಮಿಫೈನಲ್‌ನಲ್ಲೇ ಸೋತಿತು. ಆದರೆ 2025ರ ಜುಲೈನಲ್ಲಿ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ, 2026ರ ಮಹಿಳಾ ಏಷ್ಯಾ ಕಪ್‌ಗೆ ಅದೇ ಭಾರತ ಅರ್ಹತೆ ಗಳಿಸಿತು. ಬಾಂಗ್ಲಾದೇಶವೂ ಇದೇ ಮೊದಲ ಬಾರಿಗೆ ಅರ್ಹತೆ ಪಡೆಯಿತು. ನೆರೆಯವರು ಬಲಗೊಂಡಷ್ಟೂ ಸ್ಪರ್ಧೆ ಕಠಿಣವಾಗುತ್ತದೆ. ಕಪ್ ತಪ್ಪಬಹುದು, ಆದರೆ ಆಟ ಬೆಳೆಯುತ್ತದೆ. ಪುರುಷರು ಕಪ್ ಗೆದ್ದು ಏಷ್ಯಾದ ಬಾಗಿಲಲ್ಲಿ ನಿಂತರು, ಮಹಿಳೆಯರು ಕಪ್ ಸೋತು ಒಳಗೆ ಪ್ರವೇಶಿಸಿದರು.

ಬೆಂಗಳೂರಿನಾಚೆ ಏನು?

2023 ಕರ್ನಾಟಕದ ಫುಟ್‌ಬಾಲ್‌ಗೆ ಅಪರೂಪದ ವರ್ಷ. ಆ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿದ ರಾಜ್ಯ ತಂಡ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೂರೇ ತಿಂಗಳಲ್ಲಿ ಸ್ಯಾಫ್ ಟೂರ್ನಿ ಬಂತು. ಆದರೆ ಎಲ್ಲ ಪಂದ್ಯಗಳೂ ಒಂದೇ ಕ್ರೀಡಾಂಗಣದಲ್ಲಿ ನಡೆದವು. 400 ಕಿಲೋಮೀಟರ್ ಆಚೆಯಿರುವ ಹುಬ್ಬಳ್ಳಿ–ಧಾರವಾಡಕ್ಕೆ ಅದು ದೂರದ ಸುದ್ದಿಯಾಗಿಯೇ ಉಳಿಯಿತು.

ಅಂತರರಾಷ್ಟ್ರೀಯ ಕ್ರೀಡೆ ಈ ಭಾಗಕ್ಕೆ ಬರುವುದೇ ಇಲ್ಲ ಎನ್ನಲಾಗದು. ಹುಬ್ಬಳ್ಳಿಯ ರಾಜನಗರದ ಕೆಎಸ್‌ಸಿಎ ಮೈದಾನ 2019ರಲ್ಲಿ ಭಾರತ ‘ಎ’ ಮತ್ತು ಶ್ರೀಲಂಕಾ ‘ಎ’ ತಂಡಗಳ ಪಂದ್ಯ ಕಂಡಿದೆ. 2023ರ ಅಕ್ಟೋಬರ್‌ನಲ್ಲಿ ಧಾರವಾಡ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ ಟೂರ್ನಿಗೆ ಆತಿಥ್ಯ ವಹಿಸಿತು. ಈ ಎರಡೂ ಆಟಗಳಿಗೆ ಇಲ್ಲಿ ಸ್ವಂತ ಅಂಗಣವಿದೆ, ಅದನ್ನು ನೋಡಿಕೊಳ್ಳುವ ಸಂಸ್ಥೆಯಿದೆ. ಫುಟ್‌ಬಾಲ್ ಬೇಡುವುದೂ ಅದನ್ನೇ: ಹುಲ್ಲಿನ ಅಂಗಣ, ವರ್ಷವಿಡೀ ನಡೆಯುವ ಲೀಗ್, ಹತ್ತು–ಹನ್ನೆರಡರ ವಯಸ್ಸಿನಲ್ಲೇ ಮಕ್ಕಳನ್ನು ಗುರುತಿಸುವ ತರಬೇತುದಾರರು.

ಸ್ಯಾಫ್ ಕಪ್ ಮತ್ತೆ ನಡೆದಾಗ ಭಾರತ ಹತ್ತನೇ ಬಾರಿ ಗೆದ್ದರೂ ಅಚ್ಚರಿಯಿಲ್ಲ. ಇತಿಹಾಸ ಅದರ ಪರವಾಗಿಯೇ ಇದೆ. ಆದರೆ ಢಾಕಾದ ಸೋಲು ಒಂದು ಎಚ್ಚರಿಕೆಯನ್ನು ಕೊಟ್ಟಿದೆ. ನೆರೆಯವರ ಮುಂದಾದರೂ ಗೆಲ್ಲುತ್ತೇವೆ ಎಂಬ ಕೊನೆಯ ಸಮಾಧಾನವೂ ಇನ್ನು ಶಾಶ್ವತವಲ್ಲ. ಗೆದ್ದ ಕಪ್‌ಗಳನ್ನು ಎಣಿಸುವುದನ್ನು ಬಿಟ್ಟು, ಜಿಲ್ಲೆಗಳಲ್ಲಿ ಎಷ್ಟು ಮೈದಾನಗಳಲ್ಲಿ ಚೆಂಡು ಉರುಳುತ್ತಿದೆ ಎಂದು ಎಣಿಸಲು ಫುಟ್‌ಬಾಲ್ ಆಡಳಿತಗಾರರು ಇನ್ನಾದರೂ ಮುಂದಾಗಬೇಕಿದೆ.