ಫ್ಯೂಸು ಹೋಗಲಿಲ್ಲ, ಹಸು ಹೋಯ್ತು

ಇವತ್ತು ಕೊಬ್ಬರಿ ರೇಟಿನ ಬಗ್ಗೆ ಬರೆಯಲ್ಲ, ನುಸಿ ಬಗ್ಗೆಯೂ ಬರೆಯಲ್ಲ. ಮನೇಲಿ ಮೀಟರ್ ಪಕ್ಕ ಇರೋ ಹಲಗೆ ಬಗ್ಗೆ ಬರೀತೀನಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಈಗಲೂ ಅದೇ ಇದೆ. ಮರದ ಹಲಗೆ, ಮೇಲೆ ಕಬ್ಬಿಣದ ಮೇನ್ ಸ್ವಿಚ್ಚು, ಕೆಳಗೆ ಬಿಳೀ ಪಿಂಗಾಣಿ ಫ್ಯೂಸು ಮೂರೋ ನಾಲ್ಕೋ. ಒಂದು ಒಡೆದಿರುತ್ತೆ, ಇನ್ನೊಂದಕ್ಕೆ ಟೇಪು ಸುತ್ತಿರುತ್ತೆ. ಹಿಂದೆ ಹಲ್ಲಿ ಮೊಟ್ಟೆ.

ಹೋದ ಮಳೆಗಾಲದವರೆಗೂ ನನ್ನ ಮನೇಲೂ ಅದೇ ಇತ್ತು.

ರಾತ್ರಿಯೆಲ್ಲ ಜಡಿಮಳೆ ಹೊಡೆದ ಒಂದು ಬೆಳಿಗ್ಗೆ ನನ್ನ ಹೆಂಡತಿ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋದಳು. ಎರಡನೇ ಸೂಲಿನ ಹಸು ಕಂಬದ ಬುಡದಲ್ಲಿ ಕಾಲು ಚಾಚಿ ಬಿದ್ದಿತ್ತು. ಎಬ್ಬಿಸೋಕೆ ಮುಟ್ಟಿದವಳಿಗೆ ಜುಮ್ ಅಂದಿದೆ. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಬದುಕಿದಳು. ಹಸು ಅಷ್ಟರಲ್ಲಿ ಸತ್ತಿತ್ತು. ಬಲ್ಬಿನ ವೈರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಬಿಟ್ಟಿತ್ತು. ತಗಡಿಂದ ಕಬ್ಬಿಣದ ಕಂಬಕ್ಕೆ, ಕಂಬದಿಂದ ಸರಪಳಿಗೆ, ಸರಪಳಿಯಿಂದ ಹಸುವಿಗೆ ಕರೆಂಟು. ಓಡಿಹೋಗಿ ಮೇನ್ ಇಳಿಸಿ, ಆಮೇಲೆ ಫ್ಯೂಸ್ ಕಿತ್ತು ನೋಡಿದೆ. ತಂತಿ ಹಾಗೇ ಇತ್ತು. ಒಂದು ಎಳೆಯೂ ಸುಟ್ಟಿರಲಿಲ್ಲ.

ಬಂದವರೆಲ್ಲ ಹೇಳಿದ್ದು ಒಂದೇ: "ನೀನು ಮೂರು ಎಳೆ ತಂತಿ ಹಾಕಿದ್ದೆ, ಅದಕ್ಕೇ ಹೋಗಿಲ್ಲ." ಹಾಕಿದ್ದು ನಿಜ. ಪದೇ ಪದೇ ಫ್ಯೂಸ್ ಹೋಗುತ್ತೆ ಅಂತ ನಾನೇ ಹಾಕಿದ್ದೆ. ಆದರೆ ಈ ಮಾತು ಅರ್ಧ ಸತ್ಯ, ಇನ್ನರ್ಧ ಗೊತ್ತಿಲ್ಲದೇ ಇರೋದೇ ನಮ್ಮನ್ನ ಕೊಲ್ಲುತ್ತೆ. ಸರಿಯಾದ 5 ಆಂಪಿಯರ್ ತಂತಿ ಹಾಕಿದ್ರೂ ಅವತ್ತು ಫ್ಯೂಸ್ ಹೋಗ್ತಿರಲಿಲ್ಲ.

ಲೆಕ್ಕ ನೋಡಿ. ಲೈನಲ್ಲಿ ಇರೋದು 230 ವೋಲ್ಟು. ನಮ್ಮ ಮೈಯ ತಡೆ ಸುಮಾರು 1,000 ಓಮ್ ಅಂತ ಇಟ್ಕೊಳ್ಳಿ. ಮೈಯೊಳಗೆ ಹರಿಯೋದು 230 ಮಿಲಿ ಆಂಪಿಯರ್, ಅಂದ್ರೆ ಕಾಲು ಆಂಪಿಯರೂ ಇಲ್ಲ. ಎದೆಯ ಮೂಲಕ ಹಾದರೆ ಗುಂಡಿಗೆ ನಿಲ್ಲೋಕೆ ಅಷ್ಟು ಸಾಕು. ಆದರೆ 5 ಆಂಪಿಯರ್ ಫ್ಯೂಸಿಗೆ ಅದು ಒಂದು ಬಲ್ಬು ಹತ್ತಿಸಿದ ಹಾಗೆ. ಈ ಥರ ತಂತಿ ಕಟ್ಟೋ ಫ್ಯೂಸು ಸುಟ್ಟು ಹೋಗಬೇಕಾದ್ರೆ ಅದರ ರೇಟಿಂಗಿನ ಎರಡರಷ್ಟು ಹತ್ತಿರ ಕರೆಂಟು ಹರಿಯಬೇಕು. ಮನುಷ್ಯ ಸಾಯ್ತಾ ಇದ್ದಾನೆ ಅಂತ ಅದಕ್ಕೆ ಗೊತ್ತಾಗೋದೇ ಇಲ್ಲ. ಫ್ಯೂಸು ಇರೋದು ವೈರು ಕಾಯೋಕೆ, ಮನೆಯವರನ್ನ ಕಾಯೋಕೆ ಅಲ್ಲ.

"ಹಾಗಾದ್ರೆ ಎಂಸಿಬಿ ಹಾಕಿಸಿದ್ರೆ ಆಯ್ತಲ್ಲ" ಅಂತೀರಿ. ನನ್ನ ಜಗಳ ಇರೋದೇ ಇಲ್ಲಿ. ನಮ್ಮೂರಲ್ಲಿ ನಾಲ್ಕೈದು ಮನೇಲಿ ಹೊಸ ಬಾಕ್ಸ್ ಕೂತಿದೆ, ಒಳಗೆ ಸಾಲಾಗಿ ಎಂಸಿಬಿ. ಫ್ಯೂಸಿಗಿಂತ ಒಳ್ಳೇದು, ಒಪ್ತೀನಿ. ತಂತಿ ಕಟ್ಟೋ ರಗಳೆ ಇಲ್ಲ, ಕತ್ತಲಲ್ಲಿ ಬೆರಳು ಹಾಕೋ ಹಾಗಿಲ್ಲ, ಶಾರ್ಟ್ ಆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಬೀಳುತ್ತೆ. ಆದರೆ ಎಂಸಿಬಿಯೂ ಕಾಯೋದು ವೈರನ್ನೇ. ನನ್ನ ಹಸುವನ್ನ 6 ಆಂಪಿಯರ್ ಎಂಸಿಬಿಯೂ ಉಳಿಸ್ತಿರಲಿಲ್ಲ. ಎಂಸಿಬಿ ಮಾತ್ರ ಕೂರಿಸಿ "ಇನ್ನು ಸೇಫ್" ಅಂತ ಹೇಳಿ ಹೋಗೋ ಕೆಲಸಗಾರ ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ತಗೊಂಡಿದ್ದಾನೆ.

ಜೀವ ಕಾಯೋದು ಆರ್‌ಸಿಸಿಬಿ. ನೋಡೋಕೆ ಎಂಸಿಬಿ ಥರಾನೇ, ಸ್ವಲ್ಪ ಅಗಲ, ಮೇಲೆ ಒಂದು ಟೆಸ್ಟ್ ಬಟನ್. ಫೇಸ್, ನ್ಯೂಟ್ರಲ್ ಎರಡೂ ಅದರೊಳಗೇ ಹಾದು ಹೋಗುತ್ತವೆ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಸಮ ಇದೆಯಾ ಅಂತ ಅದು ನೋಡ್ತಾನೇ ಇರುತ್ತೆ. ಯಾರದೋ ಮೈಯಿಂದಲೋ ತಗಡಿನಿಂದಲೋ ನೆಲಕ್ಕೆ ಸೋರಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದ್ರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಕಟ್ ಮಾಡುತ್ತೆ. ಸೋರಿಕೆ ಜಾಸ್ತಿ ಇದ್ದಷ್ಟೂ ಇನ್ನೂ ಬೇಗ.

"ನಮ್ಮಲ್ಲಿ ಅರ್ಥಿಂಗ್ ಇದೆ, ಸಾಕು" ಅನ್ನೋರಿಗೂ ಒಂದು ಲೆಕ್ಕ. ನಮ್ಮ ಜಲ್ಲಿ ನೆಲದಲ್ಲಿ, ಬೇಸಿಗೇಲಿ, ಅರ್ಥ್ ಪೈಪಿನ ತಡೆ 20 ಓಮ್ ಇದ್ರೆ ಹರಿಯೋದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಬೀಳಲ್ಲ. ಗ್ರೈಂಡರ್ ಬಾಡಿಯಲ್ಲಿ ಕರೆಂಟು ಹಾಗೇ ಕೂತಿರುತ್ತೆ. ಅರ್ಥಿಂಗ್ ಬೇಕೇ ಬೇಕು, ಆದರೆ ಅದರ ಜೊತೆ ಆರ್‌ಸಿಸಿಬಿಯೂ ಬೇಕು.

ಈಗ ದೊಡ್ಡ ದೂರಿಗೆ ಬರ್ತೀನಿ: "ಅದು ಹಾಕಿದ್ರೆ ಸುಮ್ಮಸುಮ್ಮನೆ ಬೀಳ್ತಾನೇ ಇರುತ್ತೆ, ತೆಗೆಸಿ ಬಿಸಾಕಿದ್ವಿ." ನನ್ನ ಮನೇಲೂ ಬಿತ್ತು. ಹಾಕಿದ ದಿನವೇ ಸಂಜೆ ಕೊಟ್ಟಿಗೆ ಲೈಟ್ ಹಾಕಿದ ತಕ್ಷಣ ಇಡೀ ಮನೆ ಕತ್ತಲು. ಹುಡುಕಿದಾಗ ಸಿಕ್ಕಿದ್ದೇನು ಗೊತ್ತಾ? ನಾಲ್ಕು ವರ್ಷದ ಹಿಂದೆ ಕೊಟ್ಟಿಗೆ ನ್ಯೂಟ್ರಲ್ ತುಂಡಾಗಿತ್ತು. ಹೊಸ ವೈರು ಎಳೆಯೋ ಬದಲು ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿ ಬಲ್ಬು ಹತ್ತಿಸಿದ್ರು. ಮಾಡಿದವರು ಬೇರೆ ಯಾರೂ ಅಲ್ಲ, ನಾನೇ. ಅರ್ಥ್ ಪೈಪಿನ ಹತ್ರ ಆ ವೈರು ತುಕ್ಕು ಹಿಡಿದು ಬಿಟ್ಟಿದ್ರೆ, ಕೊಟ್ಟಿಗೆ ಸ್ವಿಚ್ ಹಾಕಿದಾಗಲೆಲ್ಲ ಮನೆಯೊಳಗಿನ ಫ್ರಿಜ್ಜಿಗೂ ಗ್ರೈಂಡರಿಗೂ ಕರೆಂಟು ಬರ್ತಿತ್ತು. ಆರ್‌ಸಿಸಿಬಿ ಬಿದ್ದದ್ದು ಸುಮ್ಮನೆ ಅಲ್ಲ, ನನ್ನ ತಪ್ಪನ್ನ ತೋರಿಸೋಕೆ.

ಅದು ಬೀಳ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ನೀರು ಕಾಯಿಸೋ ಕಾಯಿಲ್ ಇರಬಹುದು, ತೇವದ ಗೋಡೆಯೊಳಗಿನ ವೈರಿರಬಹುದು, ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿರಬಹುದು. ಎಂಸಿಬಿ ಎಲ್ಲಾ ಇಳಿಸಿ ಒಂದೊಂದೇ ಏರಿಸಿದ್ರೆ ಯಾವ ಲೈನು ಅಂತ ಸಾಮಾನ್ಯವಾಗಿ ಸಿಗುತ್ತೆ. ನೆನಪಿರಲಿ, ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕತ್ತರಿಸುತ್ತೆ. ನ್ಯೂಟ್ರಲ್ ತಾಗಿದ್ರೆ ಎಲ್ಲಾ ಇಳಿಸಿದ್ರೂ ಬೀಳಬಹುದು, ಆಗ ನ್ಯೂಟ್ರಲ್ಲುಗಳನ್ನೂ ಬಿಚ್ಚಿ ನೋಡಬೇಕು. ಒಂದು ದಿನದ ಕೆಲಸ. ಅಷ್ಟು ತಾಳ್ಮೆ ಇಲ್ಲದೆ ಬೈಪಾಸ್ ಮಾಡೋದು, ಕಳ್ಳ ಬಂದಾಗ ಬೊಗಳಿದ ನಾಯಿಯನ್ನ ಹೊಡೆದು ಓಡಿಸಿದ ಹಾಗೆ.

ಖರ್ಚು? ಬಾಕ್ಸು, ಎಂಸಿಬಿ, ಆರ್‌ಸಿಸಿಬಿ, ಹೊಸ ಅರ್ಥ್ ಪೈಪು, ಕೂಲಿ ಎಲ್ಲಾ ಸೇರಿ ನನಗೆ ಹನ್ನೊಂದು ಸಾವಿರ ಚಿಲ್ಲರೆ ಆಯ್ತು. ಆ ಹಸುವನ್ನ ಅರವತ್ತೆರಡು ಸಾವಿರಕ್ಕೆ ಕೇಳಿದ್ರು, ಕೊಟ್ಟಿರಲಿಲ್ಲ. ಬೋರ್ ಕೊರೆಸೋಕೆ ಲಕ್ಷ ಲಕ್ಷ ಸುರೀತೀವಿ, ನೀರು ಬರುತ್ತೋ ಇಲ್ವೋ ಗೊತ್ತಿಲ್ಲದೆ. ಇದಕ್ಕೆ ಮಾತ್ರ "ಮುಂದಿನ ಸಲ ಕೊಬ್ಬರಿ ಬಿಟ್ಟಾಗ ನೋಡೋಣ."

ಮಾಡಿಸೋರಿಗೆ ನಾಲ್ಕು ಮಾತು. ಎಂಸಿಬಿ ಬೀಳುತ್ತೆ ಅಂತ 16ರ ಜಾಗಕ್ಕೆ 32 ಹಾಕಿಸಬೇಡಿ, ಅದು ಮೂರು ಎಳೆ ತಂತಿಯ ತಮ್ಮ. ಲೈಟಿನ ಒಂದೂವರೆ ಎಂಎಂ ವೈರಿಗೆ 6, ಪವರ್ ಪಾಯಿಂಟಿನ ಎರಡೂವರೆ ಎಂಎಂಗೆ 16, ಸಾಕು. ಆರ್‌ಸಿಸಿಬಿ ಮೇಲೆ 30 ಎಂಎ ಅಂತ ಬರೆದಿರಬೇಕು. 100 ಅಥವಾ 300 ಇದ್ರೆ ಮನುಷ್ಯನಿಗೆ ಉಪಯೋಗ ಇಲ್ಲ. ಹಳೇ ಹಲಗೆಯಲ್ಲಿ ನ್ಯೂಟ್ರಲ್ಲಿಗೂ ಫ್ಯೂಸ್ ಇದ್ರೆ ತೆಗೆಸಿ. ಅದು ಹೋದ್ರೆ ಲೈಟು ಆರುತ್ತೆ, ಆದರೆ ಹೋಲ್ಡರಲ್ಲಿ ಕರೆಂಟು ಇದ್ದೇ ಇರುತ್ತೆ. ಮೇನ್ ಇಳಿಸಿದ್ರೂ ಮೀಟರಿಂದ ಮೇನ್‌ವರೆಗಿನ ವೈರು ಜೀವಂತ. ಲೈನ್‌ಮನ್‌ಗೆ ಹೇಳಿ ತೆಗೆಸಿ, ಲೈಸೆನ್ಸ್ ಇರೋರ ಕೈಲೇ ಮಾಡಿಸಿ. ನಾನು ಮಾಡಿದ ಹಾಗೆ ನೀವೇ ಕೈ ಹಾಕಬೇಡಿ.

ಆರ್‌ಸಿಸಿಬಿ ದೇವರಲ್ಲ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದ್ರೆ ಅದಕ್ಕೂ ಗೊತ್ತಾಗಲ್ಲ. ತೋಟದ ಪಂಪ್‌ಸೆಟ್ ಲೈನು ಬೇರೆ, ಅದನ್ನ ಮನೆಯ ಬಾಕ್ಸು ಕಾಯಲ್ಲ. ಟೆಸ್ಟ್ ಬಟನ್ ಒತ್ತದೆ ವರ್ಷಗಟ್ಟಲೆ ಬಿಟ್ರೆ ಒಳಗೇ ಹಿಡ್ಕೊಂಡು ಕೂರಬಹುದು. ನಾನು ಪ್ರತಿ ಅಮಾವಾಸ್ಯೆ ಒತ್ತೀನಿ, ಮರೆಯಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಹಲಗೆ ಮುಂದೆ ನಿಂತು ನೋಡಿ. ಟೆಸ್ಟ್ ಅಂತ ಬರೆದಿರೋ ಬಟನ್ ಇದೆಯಾ? ಇಲ್ಲ ಅಂದ್ರೆ ನಿಮ್ಮ ಮನೇಲಿ ಜೀವ ಕಾಯೋದು ಏನೂ ಇಲ್ಲ, ರಬ್ಬರ್ ಚಪ್ಪಲಿ ಬಿಟ್ಟು. ಅನುಮಾನ ಇದ್ದೋರು ಮನೆಗೆ ಬನ್ನಿ. ಕಾಫಿ ಕುಡಿದು ಬಾಕ್ಸ್ ನೋಡ್ಕೊಂಡು ಹೋಗಿ, ಕೊಟ್ಟಿಗೇಲಿ ಆ ಕಂಬವನ್ನೂ ತೋರಿಸ್ತೀನಿ.