ಆ 58 ಡಿಗ್ರಿ ಎಲ್ಲಿದೆ ಸ್ವಾಮಿ?

ಬಾಳೆಹಣ್ಣಿನ ಸಿಪ್ಪೆಯಿಂದ ಪ್ಲಾಸ್ಟಿಕ್ ಹಾಳೆ ಮಾಡಿದೆವು, ಇನ್ನು ಕಸದ ಚಿಂತೆ ಬಿಡಿ ಎಂದು ಆಗಾಗ ಯಾರಾದರೂ ಶಾಲು ಹೊದಿಸಿಕೊಳ್ಳುತ್ತಲೇ ಇರುತ್ತಾರೆ. ಸಿಪ್ಪೆಯ ಪಿಷ್ಟಕ್ಕೆ ಗ್ಲಿಸರಿನ್ ಬೆರೆಸಿ, ಗಂಜಿಯಾಗುವಷ್ಟು ಕುದಿಸಿ, ತಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆ ಏಳುತ್ತದೆ, ನಿಜ. ಅದರಲ್ಲಿ ಮಳೆಗಾಲದಲ್ಲೊಮ್ಮೆ ಒದ್ದೆ ಸೊಪ್ಪು ತುಂಬಿಕೊಂಡು ಬನ್ನಿ ನೋಡೋಣ! ಪಿಷ್ಟ ನೀರು ಹೀರಿ ಮೆತ್ತಗಾಗುತ್ತದೆ, ಸೊಪ್ಪು ಬೀದಿ ಪಾಲು.

ಆದ್ದರಿಂದಲೇ ‘ನಾನು ಪ್ಲಾಸ್ಟಿಕ್ ಅಲ್ಲ’ ಎಂದು ಹಸಿರಕ್ಷರದಲ್ಲಿ ಸಾರಿಕೊಂಡು ಅಂಗಡಿಗೆ ಬರುವ ಚೀಲದಲ್ಲಿ ಸಿಪ್ಪೆಯ ಸುಳಿವೂ ಇರುವುದಿಲ್ಲ. ಸಾಮಾನ್ಯವಾಗಿ ಇರುವುದು ಮೆಕ್ಕೆಜೋಳದ ಪಿಷ್ಟ, ಜೊತೆಗೆ ಅದು ಹರಿಯದಂತೆ ಹಿಡಿದಿಡುವ ಪಿಬಿಎಟಿ ಎಂಬ ಪಾಲಿಮರ್. ಈ ಪಿಬಿಎಟಿ ಬರುವುದು ಪೆಟ್ರೋಲಿಯಂನಿಂದ. ಎಂಥ ಹಸಿರು!

ಕೊಳೆಯುತ್ತದಲ್ಲ ಎನ್ನುತ್ತಾರೆ. ಎಲ್ಲಿ? ಗೊಬ್ಬರವಾಗುವ ಚೀಲಕ್ಕಿರುವ ಐಎಸ್ 17088 ಮಾನದಂಡದ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರದಲ್ಲಿ. ಅಲ್ಲಿ 180 ದಿನದೊಳಗೆ ಶೇ 90ರಷ್ಟು ಕರಗಿದರೆ ಪಾಸು. ರಾಯಚೂರಿನ ಮೇ ತಿಂಗಳ ಬಿಸಿಲಿಗೂ ಅಷ್ಟು ಕಾವಿಲ್ಲ. ರಾಜಕಾಲುವೆಯಲ್ಲಿ 58 ಡಿಗ್ರಿ ಇದೆಯೇ? ತಿಪ್ಪೆ ಕೆದಕಿ ಚೀಲ ನುಂಗುವ ಹಸುವಿನ ಹೊಟ್ಟೆಯಲ್ಲಿ? ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಜೈವಿಕವಾಗಿ ಕರಗುತ್ತದೆಂದು ಮಾರುವ ಚೀಲವನ್ನು ಮೂರು ವರ್ಷ ಮಣ್ಣಲ್ಲಿ ಹೂತು ತೆಗೆದರು. ಆಮೇಲೂ ಅದರಲ್ಲಿ ಸಾಮಾನು ತುಂಬಿ ಹೊತ್ತು ತರಬಹುದಿತ್ತು! 2019ರಲ್ಲಿ ಪ್ರಕಟವಾದ ಸಂಗತಿಯಿದು. ನಮ್ಮ ಭಾಷಣಕಾರರಿಗೆ ಇನ್ನೂ ತಲುಪಿಲ್ಲ.

ಇನ್ನು ಕಾನೂನಿನ ಚಂದ ನೋಡಿ. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. ಚೀಲ ಕನಿಷ್ಠ 120 ಮೈಕ್ರಾನ್ ದಪ್ಪವಿರಬೇಕೆಂಬ ಕಟ್ಟಳೆ ದೇಶಕ್ಕೆ ಬಂತು. ಗೊಬ್ಬರವಾಗುವ ಚೀಲಕ್ಕೆ ಮಾತ್ರ ಆ ಕಟ್ಟಳೆಯಿಂದ ವಿನಾಯಿತಿ. ಮುಂಬಾಗಿಲಿಂದ ಹೋದ ತೆಳುಚೀಲ ಹಿತ್ತಿಲಿಂದ ಬಂತು. ಒಣಕಸ ಬೇರ್ಪಡಿಸುವ ಹೆಂಗಸರಿಗೆ ಎರಡೂ ಚೀಲ ಕಣ್ಣಿಗೆ ಒಂದೇ. ಗೊಬ್ಬರವಾಗುವ ಚೀಲ ಪ್ಲಾಸ್ಟಿಕ್ಕಿನೊಳಗೆ ಬೆರೆತರೆ ಮರುಬಳಕೆಯ ಮಾಲೂ ಕೆಡುತ್ತದೆ. ದಂಡ ಹಾಕಲು ಬರುವ ಸಾಹೇಬರಿಗಾದರೂ ವ್ಯತ್ಯಾಸ ಗೊತ್ತಿದೆಯೇ? ಅವರ ಕೈಗೆ ಸಿಗುವುದು ಯಾವಾಗಲೂ ಹೂವು ಮಾರುವ ಅಜ್ಜಿ. ಚೀಲ ಅಚ್ಚು ಹಾಕುವ ಕಾರ್ಖಾನೆಯ ವಿಳಾಸ ಮಾತ್ರ ಯಾರಿಗೂ ತಿಳಿಯದು.

ಅಷ್ಟಕ್ಕೂ ಹಣ್ಣಿನ ಸಿಪ್ಪೆಯನ್ನು ಕಸ ಎಂದವರು ಯಾರು? ಅದು ಹೊಲಕ್ಕೆ ಹೋಗಬೇಕಾದ ಗೊಬ್ಬರ. ಅದನ್ನು ಬೇರ್ಪಡಿಸಿ ಕೊಳೆಸುವ ಯೋಗ್ಯತೆಯಿಲ್ಲದೆ ಪಕ್ಕದ ಮಂಡೂರು ಹಳ್ಳಿಯ ಜನರ ತಲೆಯ ಮೇಲೆ ವರ್ಷಗಟ್ಟಲೆ ಸುರಿದ ಬೆಂಗಳೂರು ನಗರ, ಈಗ ಅದೇ ಸಿಪ್ಪೆಯಿಂದ ಚೀಲ ಮಾಡಿ ಉದ್ಧಾರವಾಗುತ್ತದಂತೆ.

ಸರ್ಕಾರ ಮೊದಲು ವಾರ್ಡಿಗೊಂದು 58 ಡಿಗ್ರಿ ಕಾಯುವ ಗೊಬ್ಬರ ಘಟಕ ಕಟ್ಟಿ ತೋರಿಸಲಿ. ಅಲ್ಲಿಯವರೆಗೆ ಈ ಚೀಲಗಳ ವಿನಾಯಿತಿ ರದ್ದಾಗಲಿ. ನೀವು ಸಂತೆಗೆ ಹೊರಟಾಗ ಬಾಗಿಲ ಹಿಂದೆ ನೇತಾಡುವ ಬಟ್ಟೆ ಚೀಲ ಎತ್ತಿಕೊಳ್ಳಿ.